ನಾಲ್ಕು ಚುಕ್ಕಿಯ ಗುಟ್ಟು

ಪಾರಮ್ಮ ಬಾಯಿ ಕಟ್ಟಿದ ಮೆಣಸಿನಕಾಯಿ ಚೀಲ ಬ್ಯಾಡಗಿ ಮುಟ್ಟುವವರೆಗೂ ಬಿಚ್ಚಿಕೊಳ್ಳುವುದಿಲ್ಲ ಎಂದು ಕುರುಗೋಡಿನ ಕಣಗಳಲ್ಲಿ ಒಂದು ಮಾತಿತ್ತು. ಮಾತು ಸುಳ್ಳಲ್ಲ. ಇಪ್ಪತ್ತು ವರ್ಷ ತೊಟ್ಟು ಬಿಡಿಸಿ, ಚೀಲ ತುಳಿದು ತುಂಬಿ, ಹುರಿಯೆಳೆದು ಗಂಟು ಹಾಕಿದ ಕೈ ಅದು. ಆ ಕೈಗೆ ಥಾಯ್ಲೆಂಡ್ ನೋಡುವ ಯೋಗ ಬಂದದ್ದು ಗಂಟಿನಿಂದಲೇ ಹೊರತು ಬೇರೆ ಯಾವ ಪುಣ್ಯದಿಂದಲೂ ಅಲ್ಲ.

ಅವಳ ಮಗಳು ಭಾಗ್ಯ ಗುಂಡು ಎಸೆಯುತ್ತಾಳೆ. ಹುಟ್ಟಿನಿಂದಲೇ ಕಾಲಿಗೆ ಬಲವಿಲ್ಲದ ಹುಡುಗಿ, ಕೂತು ಎಸೆಯುವವರ ಪಂಗಡ. ನೆಲಕ್ಕೆ ಬಿಗಿದ ಎತ್ತರದ ಕಬ್ಬಿಣದ ಕುರ್ಚಿಯಲ್ಲಿ ಕೂತು, ಸೊಂಟ, ತೊಡೆ, ಪಾದ ಎಲ್ಲವನ್ನೂ ಪಟ್ಟಿಯಿಂದ ಕಟ್ಟಿಸಿಕೊಂಡು, ಬರೀ ಮೈಮೇಲ್ಭಾಗದ ಬಲದಿಂದ ಎಸೆಯಬೇಕು. ನಿಯಮ ಚಿಕ್ಕದು, ಆದರೆ ಕಟುವಾದದ್ದು. ಗುಂಡು ಕೈಬಿಡುವಾಗ ಕುಂಡಿ ಕುರ್ಚಿಯಿಂದ ಕೂದಲೆಳೆಯಷ್ಟೂ ಮೇಲೇಳಬಾರದು. ಎದ್ದರೆ ಕೆಂಪು ಬಾವುಟ, ಎಸೆದದ್ದು ನೀರಿನಲ್ಲಿ ಹೋಮ.

ಕುರ್ಚಿ ಮಾಡಿಕೊಟ್ಟವನು ಪಾರಮ್ಮನ ತಮ್ಮ ಎರ್ರಿಸ್ವಾಮಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ರಿಪೇರಿ ಮಾಡುತ್ತ, ಬೆಸುಗೆ ಹಾಕುತ್ತ ಬದುಕಿದವನು. ತರಬೇತುದಾರ ಸಿದ್ದಲಿಂಗೇಶ್ ನಕ್ಷೆ ತಂದು ಕೊಟ್ಟಾಗ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಯಾಕ ಇಷ್ಟು ದೊಡ್ಡ ಕಾಗದ ಸರ? ನಮ್ಮ ಸೊಸಿ ಕೂಡಬೇಕು, ಅಲ್ಲಾಡಬಾರದು. ಅಷ್ಟೇ ಅಲ್ಲೇನು?" ಎಂದು ಮೂರು ದಿನದಲ್ಲಿ ಮುಗಿಸಿದ್ದ. ಸೊಂಟದ ಪಟ್ಟಿಗೆ ಗಿರಣಿಯ ಹೊಸ ಬೆಲ್ಟನ್ನೇ ಹಾಕಿದ್ದ. ಆ ಬೆಲ್ಟನ್ನು ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಪಾರಮ್ಮನ ಕೈಗೆ ಮಾತ್ರ ಗೊತ್ತಿತ್ತು. ಸಿದ್ದಲಿಂಗೇಶ್ ಕಟ್ಟಿದರೆ ಸಡಿಲ, ಹಾಸ್ಟೆಲ್ಲಿನ ಗೆಳತಿಯರು ಕಟ್ಟಿದರೆ ನೋವು. ಹೀಗಾಗಿ ಹೊರದೇಶದ ಕ್ರೀಡಾಕೂಟಕ್ಕೆ ಹೆಸರು ಬಂದಾಗ ಜೊತೆಗೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಗಂಡ ಹುಲುಗಪ್ಪ ಕುಡತಿನಿಯ ಕೆಲಸದಿಂದ ಬಂದವನು ಸುದ್ದಿ ಕೇಳಿ, "ಇಮಾನಿನಾಗ ಎಲಿಅಡಿಕಿ ಉಗುಳಾಕ ಜಾಗ ಇರಂಗಿಲ್ಲಂತ, ಹುಷಾರು" ಎಂದು ಒಂದೇ ಬುದ್ಧಿಮಾತು ಹೇಳಿದ.

ಭಾಗ್ಯ ಎಸೆಯುವುದು ಪದಕಕ್ಕೆಂದು ಊರು ತಿಳಿದಿತ್ತು. ಪಾರಮ್ಮನ ಆಸೆ ಅಷ್ಟು ದೊಡ್ಡದಲ್ಲ, ಇಲ್ಲವೇ ಅದಕ್ಕಿಂತಲೂ ದೊಡ್ಡದು. ಬಳ್ಳಾರಿಯ ತರಬೇತಿ ಕೇಂದ್ರದ ಹಾಸ್ಟೆಲ್ಲಿನಲ್ಲಿ ಭಾಗ್ಯಳಿಗೆ ಒಂದು ಕೋಣೆ ಸಿಕ್ಕಿ ವರ್ಷವಾಗಿತ್ತು. ಅಲ್ಲಿ ಮೆಟ್ಟಿಲಿಲ್ಲ, ಗಾಲಿಕುರ್ಚಿ ಉರುಳುವ ಇಳಿಜಾರಿದೆ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿಯಿದೆ. ಹೋದ ಮರುದಿನವೇ ಹುಡುಗಿ ಫೋನು ಮಾಡಿ, "ಯವ್ವಾ, ಇವತ್ತು ನಾನೇ ಜಳಕಾ ಮಾಡೀನಿ. ಯಾರೂ ಎತ್ತಿಲ್ಲ, ಯಾರೂ ನೀರು ಹಾಕಿಲ್ಲ" ಎಂದಿದ್ದಳು. ಹದಿನೆಂಟು ವರ್ಷ ಮಗಳನ್ನು ಸೊಂಟದ ಮೇಲೆ ಹೊತ್ತು ಬಚ್ಚಲಿಗೆ ಒಯ್ದ ಪಾರಮ್ಮ ಅಂದು ಕಣದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮೆಣಸಿನಕಾಯಿ ಘಾಟೆಂದು ಪಕ್ಕದವರು ನಂಬಿದರು. ಈಗ ಕೇಂದ್ರದವರು ಹೊಸ ಕಟ್ಟಳೆ ಮಾಡಿದ್ದರು. ಈ ಕೂಟದಲ್ಲಿ ಆರು ಮೀಟರು ದಾಟಿದವರಿಗೆ ಮಾತ್ರ ಮುಂದೆ ಕೋಣೆ. ದಾಟದಿದ್ದರೆ ಮತ್ತೆ ಕುರುಗೋಡಿನ ಮನೆ, ಮೂರು ಕಲ್ಲಿನ ಮೆಟ್ಟಿಲು, ಅವ್ವನ ಸೊಂಟ. ಆ ಸೊಂಟವೂ ಈಗ ಮೊದಲಿನಂತಿರಲಿಲ್ಲ, ಅದನ್ನು ಪಾರಮ್ಮ ಯಾರಿಗೂ ಹೇಳಿರಲಿಲ್ಲ.

ಪಾಸ್‌ಪೋರ್ಟು, ವೀಸಾ ಎಲ್ಲ ಆದ ಮೇಲೆ ಸಿದ್ದಲಿಂಗೇಶ್ ಅವಳನ್ನು ಬಳ್ಳಾರಿ ಕಂಟೋನ್ಮೆಂಟಿನ ಕಡೆಯ ಒಂದು ಬ್ಯಾಂಕಿಗೆ ಕರೆದುಕೊಂಡು ಹೋದ. ಕಣದ ಹೆಂಗಸರೆಲ್ಲ ಒಂದೊಂದು ದಿನದ ಕೂಲಿ ಕೂಡಿಸಿ ಕೊಟ್ಟದ್ದನ್ನು ಪಾರಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ಅಲ್ಲಿಯ ಅಧಿಕಾರಿ ಶ್ರೀಕೃತಿ ಮೂವತ್ತರ ಒಳಗಿನ ಹೆಣ್ಣುಮಗಳು. ಸೆರಗಿನ ಗಂಟು ಬಿಚ್ಚುವುದನ್ನು ತಾಳ್ಮೆಯಿಂದ ಕಾದು, ಒಂದು ಕಾರ್ಡು ಮುಂದಿಟ್ಟಳು.

"ನೋಡ್ರಿ ಪಾರಮ್ಮಾರೆ, ಇದು ಹೊರದೇಶದ ಖರ್ಚಿನ ಕಾರ್ಡು. ನೀವು ಮೊದಲೇ ತುಂಬಿದಷ್ಟೇ ಇದರಾಗ ಇರ್ತದ. ಅದಕ್ಕಿಂತ ಒಂದು ಪೈಸಾ ಜಾಸ್ತಿ ಹೋಗೂದಿಲ್ಲ."

"ಹಾಕಿದಷ್ಟೇ ಕೊಡೋದು ನ್ಯಾಯ ಬಿಡ್ರಿ," ಎಂದಳು ಪಾರಮ್ಮ.

"ಆದ್ರ ಒಂದೇ ದೇಶದ ರೊಕ್ಕ ಅಲ್ಲ. ಥಾಯ್ಲೆಂಡಿನ ಬಾತ್ ಬ್ಯಾರೆ, ಅಮೇರಿಕಾದ ಡಾಲರ್ ಬ್ಯಾರೆ. ಎರಡನ್ನೂ ಇದರಾಗ ಹಾಕ್ತೀನಿ. ನೀವು ಅಂಗಡ್ಯಾಗ ಕೊಟ್ರ, ಅವರು ಯಾವುದು ಕೇಳ್ತಾರೋ ಅದೇ ತಾನಾಗೇ ಹೋಗ್ತದ."

ಪಾರಮ್ಮ ಕಾರ್ಡನ್ನು ತಿರುಗಿಸಿ ನೋಡಿದಳು. ಆಮೇಲೆ ಮಡಿಲಿನಿಂದ ತನ್ನ ಎಲೆಯಡಿಕೆ ಸಂಚಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಮಾಸಿದ ಬಟ್ಟೆಯ, ನಾಲ್ಕು ಪದರದ ಸಂಚಿ. "ಇದರಂಗಂತೀರೇನು? ಒಂದರಾಗ ಎಲಿ, ಒಂದರಾಗ ಅಡಿಕಿ, ಒಂದರಾಗ ಸುಣ್ಣ. ಸಂಚಿ ಒಂದೇ, ಗೂಡು ಬ್ಯಾರೆ ಬ್ಯಾರೆ."

ಶ್ರೀಕೃತಿ ನಕ್ಕುಬಿಟ್ಟಳು. ಇಷ್ಟು ವರ್ಷ ತಾನು ಬಣ್ಣದ ಕಾಗದ ತೋರಿಸಿ ಓದಿದವರಿಗೆಲ್ಲ ಅರ್ಧಗಂಟೆ ವಿವರಿಸಿದ್ದು ಈ ಹೆಂಗಸಿಗೆ ಒಂದು ಉಸಿರಿನಲ್ಲಿ ಆಗಿಹೋಯಿತಲ್ಲ ಎಂದು ಅವಳಿಗೆ ಖುಷಿಯೂ ಆಯಿತು, ಕೊಂಚ ನಾಚಿಕೆಯೂ ಆಯಿತು.

ಕೊನೆಗೆ ಗುಟ್ಟಿನ ಸಂಖ್ಯೆಯ ಮಾತು ಬಂತು. ಶ್ರೀಕೃತಿ ಅವಳನ್ನು ಎಟಿಎಂ ಮುಂದೆ ನಿಲ್ಲಿಸಿದಳು. "ನಾಲ್ಕು ಅಂಕಿ ಒತ್ರಿ. ಅದೇ ನಿಮ್ಮ ಪಿನ್ನು. ಸಣ್ಣ ಖರ್ಚಿಗೆ ಕಾರ್ಡು ಮುಟ್ಟಿಸಿದ್ರ ಸಾಕು, ದೊಡ್ಡದಕ್ಕ ಪಿನ್ನು ಕೇಳ್ತಾರ. ಮೂರು ಸಲ ತಪ್ಪಿದ್ರ ಕಾರ್ಡು ಮುಚ್ಚಿಹೋಗ್ತದ. ಮತ್ತ ಯಾರಿಗೂ ಹೇಳಬ್ಯಾಡ್ರಿ. ನನಗೂ ಬ್ಯಾಡ."

"ಮಗಳಿಗೆ?"

"ಮಗಳಿಗೂ ಬ್ಯಾಡ," ಎಂದು ಶ್ರೀಕೃತಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು.

ಪಾರಮ್ಮ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಂಕಿ ಗೊತ್ತಿಲ್ಲವೆಂದಲ್ಲ, ತಕ್ಕಡಿಯ ತೂಕ, ಬಸ್ಸಿನ ನಂಬರು ಎಲ್ಲ ಓದುತ್ತಾಳೆ. ಆದರೆ ಅಂಕಿಗಳು ಅವಳ ತಲೆಯಲ್ಲಿ ನಿಲ್ಲುವುದಿಲ್ಲ. ಅವಳು ಆ ಗುಂಡಿಗಳನ್ನು ನೋಡಿದಳು. ಸಾಲಿಗೆ ಮೂರರಂತೆ ಮೂರು ಸಾಲು, ಕೆಳಗೊಂದು ಒಂಟಿ. ಇದು ಬೆಳಗಾಗೆದ್ದು ಅಂಗಳದಲ್ಲಿ ಇಡುವ ಚುಕ್ಕಿಯಲ್ಲವೇ! ಅವಳ ಬೆರಳು ತಾನಾಗಿಯೇ ಎಳೆ ಎಳೆಯಿತು. ತವರಿನಲ್ಲಿ ಅವ್ವ ಕಲಿಸಿದ ಪುಟ್ಟ ಎಳೆ ಅದು, ಗಿಣಿಮೂಗು ಎಂದು ಹೆಸರು. ನಾಲ್ಕು ಚುಕ್ಕಿ ಮುಟ್ಟಿ ಬಾಗುತ್ತದೆ. ಯಾವ ಗುಂಡಿಯ ಮೇಲೆ ಯಾವ ಅಂಕಿ ಬರೆದಿತ್ತೆಂದು ಅವಳು ನೋಡಲೂ ಇಲ್ಲ. ಇದೆಂಥ ದಡ್ಡತನ ಎನ್ನುವವರು ತಮ್ಮ ಫೋನಿನ ಗುಟ್ಟು ತಲೆಗೆ ಗೊತ್ತೋ ಬೆರಳಿಗೆ ಗೊತ್ತೋ ಎಂದು ಒಮ್ಮೆ ನೋಡಿಕೊಂಡು ಆಮೇಲೆ ನಗಲಿ.

ಥಾಯ್ಲೆಂಡಿನಲ್ಲಿ ಮೂರು ದಿನ ಕಾರ್ಡು ಅವಳಿಗೆ ಆಟಿಕೆಯಾಯಿತು. ಬಾಳೆಹಣ್ಣು, ಅನ್ನದ ಪೊಟ್ಟಣ, ಭಾಗ್ಯಳಿಗೆ ಎಳನೀರು, ಎಲ್ಲದಕ್ಕೂ ಕಾರ್ಡು ಮುಟ್ಟಿಸಿದರೆ ಯಂತ್ರ ಕುಯ್ ಎನ್ನುತ್ತಿತ್ತು, ಅಂಗಡಿಯವಳು ಕೈ ಮುಗಿಯುತ್ತಿದ್ದಳು. ಇವಳೂ ಮುಗಿಯುತ್ತಿದ್ದಳು. ಕಲಿಯುವತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ. "ಇಷ್ಟೇ ನೋಡು, ಇದಕ್ಕ ಆ ಸಿದ್ದಲಿಂಗೇಶ್ ಸರ ಎಷ್ಟು ಹೆದರ್ಸಿದ್ದ," ಎಂದು ಮಗಳ ಮುಂದೆ ಜಂಬ ಕೊಚ್ಚಿದಳು. ಬಳ್ಳಾರಿಯ ಸಿಮ್ಮು ಅಲ್ಲಿ ನಡೆಯದ ಕಾರಣ ತನ್ನ ಗುಂಡಿಯ ಫೋನನ್ನು ಹೋಟೆಲಿನ ಕಪಾಟಿನಲ್ಲೇ ಬಿಟ್ಟಿದ್ದಳು. ಭಾಷೆಯದೊಂದೇ ತೊಂದರೆ. ಕನ್ನಡ ಮುಗಿದಲ್ಲಿ ತೆಲುಗು, ತೆಲುಗು ಮುಗಿದಲ್ಲಿ ಒಂದಿಷ್ಟು ಹಿಂದಿ, ಅಷ್ಟಿದ್ದರೆ ಲೋಕ ಸುತ್ತಬಹುದೆಂದು ಅವಳು ಎಣಿಸಿದ್ದಳು. ಇಲ್ಲಿ ಮೂರೂ ಒಟ್ಟಿಗೇ ಮುಗಿದಿದ್ದವು.

ನಾಲ್ಕನೆಯ ದಿನ ಮಧ್ಯಾಹ್ನ ಭಾಗ್ಯಳ ಸರದಿ. ಮೈದಾನದಲ್ಲಿ ಕುರ್ಚಿಯನ್ನು ನೆಲಕ್ಕೆ ಬಿಗಿದರು. ಪಾರಮ್ಮ ಮಗಳನ್ನು ಕೂರಿಸಿ ಪಾದ ಕಟ್ಟಿದಳು, ತೊಡೆ ಕಟ್ಟಿದಳು. ಸೊಂಟದ ಬೆಲ್ಟಿಗೆ ಮೊಣಕಾಲು ಕೊಟ್ಟು ಎಳೆದಳು.

"ಯವ್ವಾ, ಉಸುರು ಕಟ್ಟತೈತಿ."

"ಕಟ್ಟಲಿ. ಆರು ಸಲ ಎಸಿಯೋತನ ಹಿಡ್ಕೊ. ಆಮ್ಯಾಲ ಬೇಕಾದಷ್ಟು ಉಸುರಾಡು."

ಗುಂಡು ಜಾರದಂತೆ ಕೈಗೆ ಬಿಳಿ ಪುಡಿ ಹಚ್ಚಿಕೊಟ್ಟು, ಪುಡಿಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಪಾರಮ್ಮ ಹೊರಗೆ ಬಂದಳು. ಮೊದಲ ಎಸೆತ ಐದೂವರೆ. ಎರಡನೆಯದು ಸ್ವಲ್ಪ ಮುಂದೆ. ಐದನೆಯದು ಐದು ಎಂಬತ್ತೊಂದು. ಆರು ಮೀಟರಿನ ಬಿಳಿ ಗೆರೆ ಅಲ್ಲೇ ಕಾಣುತ್ತಿತ್ತು, ಕೈಗೆ ಬಂದ ತುತ್ತಿನ ಹಾಗೆ. ಆರನೆಯ ಸಲ ಭಾಗ್ಯ ಕಣ್ಣು ಮುಚ್ಚಿದಳು, ಕತ್ತು ವಾಲಿಸಿದಳು, ಒಳಗಿನಿಂದ ಒಂದು ಕೂಗು ತೆಗೆದು ಎಸೆದಳು. ಗುಂಡು ಗೆರೆಯ ಆಚೆ ಬಿದ್ದು ಮಣ್ಣು ಹಾರಿಸಿತು. ಪಾರಮ್ಮ ಎರಡೂ ಕೈ ಎತ್ತಿದಳು. ಆಗ ಕುರ್ಚಿಯ ಪಕ್ಕ ಕೂತಿದ್ದ ಅಧಿಕಾರಿ ಕೆಂಪು ಬಾವುಟ ಎತ್ತಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಪಾರಮ್ಮನ ಎತ್ತಿದ ಕೈ ಹಾಗೇ ನಿಂತಿತು.

ಭಾಗ್ಯ ಮಾತ್ರ ಸಿದ್ದಲಿಂಗೇಶ್ ಕಲಿಸಿದ್ದನ್ನು ಮರೆಯಲಿಲ್ಲ. ಕೂಡಲೇ ಕೈಯೆತ್ತಿ ಒಪ್ಪುವುದಿಲ್ಲ ಎಂದಳು. ಅವರು ಅಳೆದು, ಆರು ಮೀಟರು ಒಂಬತ್ತು ಸೆಂಟಿಮೀಟರು ಎಂದು ಬೇರೆ ಹಾಳೆಯಲ್ಲಿ ಬರೆದುಕೊಂಡರು. ಅದು ಲೆಕ್ಕಕ್ಕೆ ಬರಬೇಕಾದರೆ ಇನ್ನೊಂದು ಕೆಲಸ ಉಳಿದಿತ್ತು. ಅದನ್ನು ಸಿದ್ದಲಿಂಗೇಶ್ ಬೇಲಿಯ ಹತ್ತಿರ ಬಂದು ಹೇಳಿದ.

"ಪಾರಮ್ಮಾರೆ, ಅವರ ಕ್ಯಾಮೆರಾದಾಗ ಎಲ್ಲಾ ಸೆರಿ ಸಿಕ್ಕಿರತೈತಿ. ತಗದು ನೋಡ್ರಿ ಅಂತ ಅರ್ಜಿ ಕೊಡಬೇಕು, ಜೋಡಿ ನೂರು ಡಾಲರ್ ಇಡಬೇಕು. ನಾವು ಗೆದ್ರ ವಾಪಸ್, ಸೋತ್ರ ಹೋತು. ಫಲಿತಾಂಶ ಹಚ್ಚಿದ ಅರ್ಧ ತಾಸಿನ್ಯಾಗ ಮುಗೀಬೇಕು. ನಗದು ತೊಗೊಳ್ಳಂಗಿಲ್ಲ, ಕಾರ್ಡೇ ಬೇಕು." ಅವನು ಅಲ್ಲೇ ಬಗ್ಗಿ ಅರ್ಜಿ ಬರೆದು ಅವಳ ಕೈಗಿತ್ತ. "ನನ್ನ ಇನ್ನೊಬ್ಬ ಆಟಗಾರನ್ನ ಒಳಗ ಕರದಾರ. ಹೋದ್ರ ಮುಗಿಯೋತನ ಹೊರಗ ಬಿಡಂಗಿಲ್ಲ. ಆ ನೀಲಿ ಛಾವಣಿ ಕೆಳಗಿನ ಮೇಜು. ನೀವು ಹೋಗ್ರಿ."

ಭಾಗ್ಯಳನ್ನು ಗಾಲಿಕುರ್ಚಿಯಲ್ಲಿ ಆಟಗಾರರ ಕೋಣೆಗೆ ಒಯ್ಯುತ್ತಿದ್ದರು. ಬೇಲಿಯ ಹತ್ತಿರ ಬಂದಾಗ ಅವಳ ಮುಖ ಬೆವರಿನಿಂದ ಹೊಳೆಯುತ್ತಿತ್ತು, ಕಣ್ಣು ಮಾತ್ರ ಸತ್ತಿತ್ತು.

"ಬಿಡವ್ವಾ. ಎದ್ದಿರಬೇಕು ನಾನು. ಅವರೇನು ಸುಳ್ಳು ಹೇಳ್ತಾರ? ನೂರು ಡಾಲರ್ ಯಾಕ ಹಾಳು ಮಾಡ್ತಿ."

"ಎದ್ದಿಯೇನು?"

"ಗೊತ್ತಿಲ್ಲ."

"ನನಗ ಗೊತ್ತೈತಿ," ಎಂದಳು ಪಾರಮ್ಮ. "ಗಂಟು ನಂದು."

ನೀಲಿ ಛಾವಣಿಯ ಕೆಳಗೆ ಕಪ್ಪು ಹಲಗೆಯ ಉದ್ದನೆಯ ಮೇಜು. ಅದರ ಹಿಂದೆ ತೆಳ್ಳಗಿನ ಒಬ್ಬ ಹೆಣ್ಣುಮಗಳು, ಎದೆಗೆ ಹೆಸರಿನ ಪಟ್ಟಿ. ಅವಳು ಅರ್ಜಿ ಓದಿದಳು, ಗೋಡೆಯ ಗಡಿಯಾರ ನೋಡಿ ತಲೆಯಾಡಿಸಿದಳು, ಯಂತ್ರ ಮುಂದೆ ಚಾಚಿದಳು. ಪಾರಮ್ಮ ರೂಢಿಯಂತೆ ಕಾರ್ಡು ಮುಟ್ಟಿಸಿದಳು. ಯಂತ್ರ ಕುಯ್ ಎನ್ನಲಿಲ್ಲ. ದೊಡ್ಡ ಖರ್ಚಲ್ಲವೇ, ಗುಟ್ಟು ಕೇಳಿತು. ಅದಕ್ಕೆ ಗುಂಡಿಗಳಿರಲಿಲ್ಲ, ಬರೀ ಗಾಜು. ಗಾಜಿನಲ್ಲಿ ಮೂರು ಸಾಲು ಮೂಡಿದವು. ಪಾರಮ್ಮ ಧೈರ್ಯವಾಗಿ ಗಿಣಿಮೂಗು ಎಳೆದಳು.

ಯಂತ್ರ ಒರಟಾಗಿ ಕೂಗಿತು. ತಪ್ಪು.

ಅವಸರದಲ್ಲಿ ಬೆರಳು ಜಾರಿರಬೇಕೆಂದು ಸೆರಗಿಗೆ ಕೈ ಒರೆಸಿಕೊಂಡು, ಇನ್ನೊಮ್ಮೆ ನಿಧಾನವಾಗಿ, ಚುಕ್ಕಿ ಚುಕ್ಕಿಗೂ ನಿಂತು ಒತ್ತಿದಳು. ಯಂತ್ರ ಮತ್ತೆ ಕೂಗಿತು. ಮೇಜಿನ ಹುಡುಗಿ ಎರಡು ಬೆರಳು ಮಡಚಿ ಒಂದನ್ನು ನಿಲ್ಲಿಸಿ ತೋರಿಸಿದಳು. ಇನ್ನೊಂದೇ ಸಲ. ಪಾರಮ್ಮ ತನ್ನ ಬೆರಳನ್ನೇ ನೋಡಿಕೊಂಡಳು. ಅವ್ವ ಕಲಿಸಿದ ಎಳೆ ತಪ್ಪುವುದುಂಟೇ?

ಆಗ ಅವಳು ಮೊದಲ ಸಲ ಚುಕ್ಕಿ ಬಿಟ್ಟು ಅಂಕಿ ನೋಡಿದಳು. ಮೊದಲ ಚುಕ್ಕಿಯಲ್ಲೇ ಏಳು ಕೂತಿತ್ತು. ಅದರ ಪಕ್ಕ ಎರಡು. ಐದು ಎಲ್ಲೋ ಮೂಲೆ ಸೇರಿತ್ತು. ಪಕ್ಕದಲ್ಲಿ ನಿಂತವರು ಬೆರಳಿನ ಓಟ ನೋಡಿ ಗುಟ್ಟು ಕದಿಯಬಾರದೆಂದು, ಸಲಸಲಕ್ಕೂ ಅಂಕಿಗಳನ್ನು ಚೆಲ್ಲಾಪಿಲ್ಲಿ ಮಾಡುವ ಯಂತ್ರವನ್ನು ಯಾರೋ ಬುದ್ಧಿವಂತರು ಮಾಡಿದ್ದರು. ಕಳ್ಳರನ್ನೆಲ್ಲ ನೆನೆದ ಆ ಬುದ್ಧಿವಂತರಿಗೆ ಪಾರಮ್ಮನಂಥವಳೊಬ್ಬಳು ಇರಬಹುದೆಂದು ಹೊಳೆದಿರಲಿಲ್ಲ.

ಗಡಿಯಾರದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ಬ್ಯಾಂಕಿನ ಗುಂಡಿಗಳನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಚುಕ್ಕಿ ಬಂದವು, ಅಂಕಿ ಬರಲಿಲ್ಲ. ಒಂದು ಮೇಲಿನ ಸಾಲಿನಿಂದ ಶುರುವೋ ಕೆಳಗಿನಿಂದಲೋ, ಅದೂ ನೆನಪಾಗಲಿಲ್ಲ. ಫೋನಾದರೂ ಇದ್ದಿದ್ದರೆ ಅದರ ಗುಂಡಿ ನೋಡಿ ತಿಳಿಯುತ್ತಿತ್ತು, ಅದು ಕಪಾಟಿನಲ್ಲಿ ಮಲಗಿತ್ತು. "ಅಮ್ಮಾಡೀ, ನಂಬರುಗಳು ತಮ್ಮ ಜಾಗದಾಗ ಹೆಂಗಿರತಾವ, ಅಷ್ಟು ತೋರಿಸು ನನಗ," ಎಂದು ಕೇಳಿದಳು. ಹುಡುಗಿಗೆ ತಿಳಿಯಲಿಲ್ಲ. ತೆಲುಗಿನಲ್ಲಿ ಕೇಳಿದಳು. ಹುಡುಗಿ ಮರುಕದಿಂದ ತಲೆಯಾಡಿಸಿದಳು. ಪಾರಮ್ಮನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡನೆಯ ಇಯತ್ತೆಗೆ ಶಾಲೆ ಬಿಡಿಸಿದ ಅಪ್ಪನ ಮೇಲೆ, ಗಾಜಿನ ಯಂತ್ರದ ಮೇಲೆ, ಜಂಬ ಕೊಚ್ಚಿದ ತನ್ನ ಬಾಯಿಯ ಮೇಲೆ. ಬಚ್ಚಲಿನ ಗೋಡೆಯ ಆ ಕಂಬಿ ಕಣ್ಣಿಗೆ ಕಟ್ಟಿತು. ಮಗಳು ಅದನ್ನು ಹಿಡಿದು ತಾನೇ ನೀರು ಹೊಯ್ದುಕೊಳ್ಳುವುದು ಒಂದು ನಾಲ್ಕಂಕಿಗೆ ನಿಂತುಹೋಗಬೇಕೇ?

ಕಣ್ಣೊರೆಸಿಕೊಳ್ಳಲು ಚೀಲದಿಂದ ಬಟ್ಟೆ ಎಳೆದಾಗ ಬಿಳಿ ಪುಡಿಯ ಪೊಟ್ಟಣ ಜೊತೆಗೆ ಬಂದು ಮೇಜಿನ ಮೇಲೆ ಬಿತ್ತು. ಕಪ್ಪು ಹಲಗೆಯ ಮೇಲೆ ಚಿಟಿಕೆ ಪುಡಿ ಚೆಲ್ಲಿತು. ಪಾರಮ್ಮ ಅದನ್ನೇ ನೋಡಿದಳು.

ಪೊಟ್ಟಣ ಬಿಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಹಿಡಿದು ಚುಕ್ಕಿ ಇಡತೊಡಗಿದಳು. ಸಾಲಿಗೆ ಮೂರರಂತೆ ಮೂರು ಸಾಲು, ಕೆಳಗೊಂದು ಒಂಟಿ. ಮೇಜು ಹೊಲಸಾಯಿತೆಂದು ಹುಡುಗಿ ಬಟ್ಟೆ ಹಿಡಿದು ಒರೆಸಲು ಬಂದಳು. ಪಾರಮ್ಮ ಅವಳ ಮುಂಗೈ ಹಿಡಿದು ತಡೆದಳು. ಯಂತ್ರವನ್ನು ತೋರಿಸಿದಳು, ಚುಕ್ಕಿಗಳನ್ನು ತೋರಿಸಿದಳು, ಮತ್ತೆ ಯಂತ್ರ, ಮತ್ತೆ ಚುಕ್ಕಿ. ಯಂತ್ರದ ಅಂಕಿಗಳ ಮೇಲೆ ಕೈಯಾಡಿಸಿ, ಇವೆಲ್ಲ ಕಲಸಿಹೋಗಿವೆ ಎಂದು ಅಭಿನಯಿಸಿದಳು. ಎದೆಗೆ ಕೈಯಿಟ್ಟು, ಬೆರಳನ್ನು ಗಾಳಿಯಲ್ಲಿ ಬಾಗಿಸಿ ತೋರಿಸಿದಳು, ತನಗೆ ಗೊತ್ತಿರುವುದು ಇದೊಂದೇ ಎಂದು.

ಹುಡುಗಿ ಚುಕ್ಕಿಗಳನ್ನು ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು, ಆಮೇಲೆ ಬಿಚ್ಚಿಕೊಂಡಿತು. ಓ ಎಂದು ಸಣ್ಣಗೆ ಉದ್ಗರಿಸಿ, ತಾನೂ ತೋರುಬೆರಳಿಗೆ ಪುಡಿ ಹಚ್ಚಿಕೊಂಡು ಪ್ರತಿ ಚುಕ್ಕಿಯ ಪಕ್ಕ ಒಂದೊಂದು ಅಂಕಿ ಬರೆದಳು. ಮೇಲಿನ ಸಾಲಿಗೆ ಒಂದು, ಎರಡು, ಮೂರು. ಹೀಗೇ ಒಂಬತ್ತರವರೆಗೆ, ಕೆಳಗಿನ ಒಂಟಿಗೆ ಸೊನ್ನೆ. ಕೆಟ್ಟುಹೋದ ಅಂಗಳವನ್ನು ಒಬ್ಬಳು ಸರಿಮಾಡಿಕೊಟ್ಟಂತಾಯಿತು.

ಬರೆದು ಮುಗಿಸಿದವಳು, ಯಾರೂ ಹೇಳದಿದ್ದರೂ, ಕುರ್ಚಿ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಬಳ್ಳಾರಿಯ ಶ್ರೀಕೃತಿ ನಿಂತಿದ್ದ ಹಾಗೆಯೇ. ಪಾರಮ್ಮನಿಗೆ ಅವಳ ಬೆನ್ನು ನೋಡಿ ಧೈರ್ಯ ಬಂತು.

ಪುಡಿ ಮುಟ್ಟದೆ, ಬರೀ ಕಣ್ಣಿನಿಂದ ಗಿಣಿಮೂಗು ಎಳೆದಳು. ಮೊದಲ ಚುಕ್ಕಿಯ ಅಂಕಿ ಹೇಳಿಕೊಂಡಳು, ಎರಡನೆಯದು, ಮೂರನೆಯದು, ನಾಲ್ಕನೆಯದು. ನಾಲ್ಕನ್ನೂ ಮಂತ್ರದಂತೆ ಮೂರು ಬಾರಿ ಗುನುಗಿದಳು. ಆ ನಾಲ್ಕು ಯಾವುವೆಂದು ನಾನೂ ಹೇಳುವುದಿಲ್ಲ, ಬ್ಯಾಂಕಿನವರ ಅಪ್ಪಣೆ. ಆಮೇಲೆ ಗಾಜಿನ ಮೇಲೆ ಚದುರಿದ್ದ ಅಂಕಿಗಳ ನಡುವೆ ಒಂದೊಂದನ್ನೇ ಹುಡುಕಿ, ಕಾಳಿನಲ್ಲಿ ಕಲ್ಲು ಹೆಕ್ಕುವವಳಂತೆ ಹೆಕ್ಕಿ ಒತ್ತಿದಳು. ಯಂತ್ರ ಸುಮ್ಮನಿತ್ತು. ಕೊನೆಗೆ ಹಸಿರು ದೀಪ ಹತ್ತಿತು, ಯಂತ್ರದ ಬಾಯಿಂದ ಚೀಟಿಯೊಂದು ಸರಸರನೆ ಹೊರಬಂತು.

ಹುಡುಗಿ ತಿರುಗುವ ಮೊದಲೇ ಪಾರಮ್ಮ ಅಂಗೈಯಿಂದ ಚುಕ್ಕಿಗಳನ್ನು ಒರೆಸಿಬಿಟ್ಟಿದ್ದಳು. ಹುಡುಗಿ ಅರ್ಜಿಯ ಮೇಲೆ ಸಮಯ ಬರೆದು ಮುದ್ರೆ ಒತ್ತಿದಳು. ನಾಲ್ಕು ನಿಮಿಷ ಉಳಿದಿತ್ತು. ಇಬ್ಬರ ಕೈಯೂ ಬಿಳಿಯಾಗಿತ್ತು, ಒಬ್ಬರದನ್ನೊಬ್ಬರು ನೋಡಿ ನಕ್ಕರು.

ತೀರ್ಪಿಗೆ ಮುಕ್ಕಾಲು ತಾಸು ಹಿಡಿಯಿತು. ಆ ಮುಕ್ಕಾಲು ತಾಸು ಪಾರಮ್ಮ ಸಂಚಿ ತೆಗೆದು ಎಲೆಗೆ ಸುಣ್ಣ ಹಚ್ಚಿದಳು, ಹಾಕಿಕೊಳ್ಳಲು ಮರೆತಳು. ಕೊನೆಗೆ ಸಿದ್ದಲಿಂಗೇಶ್ ಓಡುತ್ತ ಬಂದ. ದಪ್ಪ ಮನುಷ್ಯ, ಅವನು ಓಡಿದ್ದನ್ನು ಅವಳು ಅಂದೇ ನೋಡಿದ್ದು.

"ಮೂರು ಮಂದಿ ಕುಂತು ನಿಧಾನಕ್ಕ ಓಡಿಸಿ ನೋಡಿದ್ರಂತ್ರಿ! ಹಿಂದ ಅಂಗಿ ಗಾಳಿಗೆ ಉಬ್ಬಿತ್ತು, ಅದನ್ನ ನೋಡಿ ಎದ್ದಳಂದಿದ್ರು. ಬೆಲ್ಟು ಒಂದು ನೂಲು ಸರದಿಲ್ಲ, ಪಾರಮ್ಮಾರೆ, ಒಂದು ನೂಲು! ಆರು ಒಂಬತ್ತು ಕೊಟ್ರು!"

ಪದಕ ಬರಲಿಲ್ಲ, ಭಾಗ್ಯ ನಾಲ್ಕನೆಯವಳಾದಳು. ಅದನ್ನು ಕೇಳಲು ಪಾರಮ್ಮನಿಗೆ ಪುರಸೊತ್ತಿರಲಿಲ್ಲ. ಮಗಳ ಗಾಲಿಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಎರಡೂ ಕೆನ್ನೆ ಹಿಡಿದಳು. ಕೆನ್ನೆಗೆ ಬಿಳಿ ಪುಡಿ ಮೆತ್ತಿತು. ಭಾಗ್ಯ ಅಳುತ್ತಲೇ ನಗುತ್ತಿದ್ದಳು.

"ಯವ್ವಾ, 'ಗಂಟು ನಂದು' ಅಂದೆಲ್ಲ, ಅಷ್ಟು ನಂಬಿಕಿ ಎಲ್ಲಿಂದ ಬಂತು ನಿನಗ?"

"ನಂಬಿಕಿ ಏನು ಬಂತು? ಬ್ಯಾಡಗಿತನ ಹೋದ ಚೀಲೇ ಬಿಚ್ಚಿಲ್ಲ. ನೀ ಬಿಚ್ಚತೀಯೇನು?"

ಮೇಜಿನ ಹುಡುಗಿ ಕಾರ್ಡು ಕೇಳಿ ಪಡೆದು, ಅರ್ಜಿಯ ಜೊತೆ ಕಟ್ಟಿದ್ದ ನೂರು ಡಾಲರನ್ನು ಮರಳಿ ತುಂಬಿದಳು. ವಾಪಸ್ಸು ಕೊಡುವಾಗ ಯಂತ್ರ ಗುಟ್ಟು ಕೇಳಲಿಲ್ಲ. ಕೊಡುವಾಗ ಇಷ್ಟು ಸಲೀಸು, ಇಸಿದುಕೊಳ್ಳುವಾಗ ಎಷ್ಟು ಸೊಕ್ಕು ಎಂದು ಪಾರಮ್ಮ ಯಂತ್ರವನ್ನು ಬೈದಳು. ನಡೆದದ್ದನ್ನೆಲ್ಲ ಅವಳು ಹೇಳಿದ ಮೇಲೆ ಭಾಗ್ಯ ಕೇಳಿದಳು, "ಹಂಗಾರ ನಂಬರು ಎಷ್ಟವ್ವಾ?"

"ಹೇಳಂಗಿಲ್ಲ. ಬ್ಯಾಂಕಿನ ಮೇಡಂ ಮಗಳಿಗೂ ಬ್ಯಾಡ ಅಂದಾಳ."

ಊರಿಗೆ ಬಂದ ಮೇಲೆ ಶ್ರೀಕೃತಿ ಕಾರ್ಡಿನಲ್ಲಿ ಉಳಿದದ್ದನ್ನು ನೋಡಿ, "ಇದನ್ನ ರೂಪಾಯಿ ಮಾಡಿ ಕೊಡ್ಲೇನು ಪಾರಮ್ಮಾರೆ, ಇಲ್ಲಾ ಹಂಗೇ ಇರ್ಲೇನು?" ಎಂದು ಕೇಳಿದಳು. ಪಾರಮ್ಮ ಕಾರ್ಡನ್ನು ಸಂಚಿಯ ನಾಲ್ಕನೆಯ ಪದರದಲ್ಲಿ, ಅಲ್ಲಿಯವರೆಗೆ ಖಾಲಿಯಿದ್ದ ಪದರದಲ್ಲಿ ಇಟ್ಟು, "ಇರ್ಲಿ ಬಿಡ್ರಿ ಮೇಡಂ. ಮತ್ತ ಹೋಗೋದೈತಿ" ಎಂದಳು. ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಹಾಸ್ಟೆಲ್ಲು ತೆರೆದ ದಿನ ಭಾಗ್ಯಳ ಹೆಸರು ಅದೇ ಕೋಣೆಯ ಬಾಗಿಲ ಮೇಲಿತ್ತು. ಹಾಸಿಗೆ ಹಾಸಿ, ಬಟ್ಟೆ ಮಡಚಿಟ್ಟು, ಬಚ್ಚಲಿಗೆ ಹೋಗಿ ಪಾರಮ್ಮ ಗೋಡೆಯ ಕಂಬಿಯನ್ನು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿತ್ತು. ಹೊಸ ವರ್ಷದ ಕೋಣೆ, ಬಾಗಿಲನ್ನು ಬೋಳಾಗಿ ಬಿಡಬಾರದೆಂದು ಹೊಸ್ತಿಲಾಚೆ ನೀರು ಚಿಮುಕಿಸಿ, ತಂದಿದ್ದ ರಂಗೋಲಿ ಪುಡಿಯಲ್ಲಿ ಒಂಬತ್ತು ಚುಕ್ಕಿ ಇಟ್ಟು, ನಾಲ್ಕನ್ನು ಮುಟ್ಟಿ ಬಾಗುವ ಒಂದು ಎಳೆ ಎಳೆದಳು. ಎದ್ದು ಸೊಂಟ ಹಿಡಿದುಕೊಂಡು, ಚೆಂದಾಯಿತೇ ಎಂದು ನೋಡಿದಳು.

ಒಳಗಿಂದ ಗಾಲಿಕುರ್ಚಿ ಉರುಳಿಸಿಕೊಂಡು ಬಂದ ಭಾಗ್ಯ ಬಾಗಿಲಲ್ಲೇ ನಿಂತಳು. ಚುಕ್ಕಿ ನೋಡಿದಳು. ಎಳೆ ನೋಡಿದಳು. ತುಟಿ ಅಲ್ಲಾಡಿಸಿ ಏನೋ ಎಣಿಸಿದಳು. ಆಮೇಲೆ ಗೊಳ್ಳೆಂದು ನಕ್ಕಳು.

"ಯವ್ವಾ! ಇದು ಅದೇ ಅಲ್ಲೇನು? ಊರಿಗೆಲ್ಲಾ ಕಾಣಂಗ ಬರದು ಇಟ್ಟೀಯಲ್ಲ! ಅಳಸು ಮೊದಲು!"

"ಇಟ್ಟ ರಂಗೋಲಿ ಕೈಯಾರೆ ಅಳಸ್ತಾರೇನಲೇ? ಅನಿಷ್ಟ."

"ಹಂಗಾರ ನಾನೇ ಅಳಸ್ತೀನಿ ತಗೊ," ಎಂದು ಭಾಗ್ಯ ಎರಡೂ ಗಾಲಿಗಳನ್ನು ಕೈಯಿಂದ ಒತ್ತಿ, ಗಿಣಿಮೂಗಿನ ಮೇಲೆಯೇ ಹಾಯಿಸಿಕೊಂಡು ಹೊರಟಳು. ಅಭ್ಯಾಸಕ್ಕೆ ಹೊತ್ತಾಗಿತ್ತು. ಒದ್ದೆ ನೆಲದ ಮೇಲೆ ಎರಡು ಬಿಳಿ ಜಾಡು ಪಡಸಾಲೆ ದಾಟಿ, ಇಳಿಜಾರು ಹಿಡಿದು, ಮೈದಾನದ ಕಡೆಗೆ ಹೋದವು. ಪಾರಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ಹಿಂದಿನಿಂದ ಯಾರೂ ದೂಡುತ್ತಿರಲಿಲ್ಲ.